ಕೋಮಲಳ ಕೈಗೆ ಸಿಗದ ಸ್ವಿಚ್ಚು

ಹೊನ್ನೂರಿನ ಕೋಮಲಳಿಗೆ ಕೊಳ್ಳೇಗಾಲದ ಇಂಟರ್‌ನೆಟ್ ಆಫೀಸಿನಲ್ಲಿ ಕೆಲಸ ಸಿಕ್ಕಾಗ, ಅಲ್ಲಿ ಏನು ಮಾಡುತ್ತೀಯ ಎಂದು ಕೇಳದವರಿಲ್ಲ. "ಸ್ವಿಚ್ ನೋಡ್ಕತೀನಿ" ಅನ್ನುತ್ತಿದ್ದಳು.

"ಸ್ವಿಚ್ ಒತ್ತಕ್ಕೆ ಡಿಪ್ಲೊಮಾ ಓದ್ಬೇಕಿತ್ತಾ? ನಾನೂ ದಿನಾ ಒತ್ತಾ ಇಲ್ವಾ?" ಎಂದು ಅವಳ ತಾಯಿ ಚಿಕ್ಕಬಸಮ್ಮ ನಗುತ್ತಿದ್ದಳು.

ಈ ಸ್ವಿಚ್ಚು ಗೋಡೆಯ ಮೇಲಿರುವಂಥದ್ದಲ್ಲ, ಕೈಗೆ ಸಿಗುವಂಥದ್ದೂ ಅಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆ ಬರೀ ಲೆಕ್ಕಾಚಾರವಾಗಿ ಕೂತಿರುವ ವರ್ಚುವಲ್ ಸ್ವಿಚ್ಚು. ಯಾರದೋ ಮನೆಯ ಸಿನಿಮಾ, ಇನ್ಯಾರದೋ ಮಾತು, ಎಲ್ಲವೂ ಸಣ್ಣ ಸಣ್ಣ ಗಂಟುಗಳಾಗಿ ಅಲ್ಲಿಗೆ ಬರುತ್ತವೆ. ಪ್ಯಾಕೆಟ್ ಅನ್ನುತ್ತಾರೆ. ಯಾವ ಗಂಟು ಯಾವ ಮನೆಗೆ ಎಂದು ಸ್ವಿಚ್ಚು ದಾರಿ ತೋರಿಸಬೇಕು. ಅದಕ್ಕೆ ಎರಡು ನಡೆ. ನಿಧಾನದ ನಡೆಯಲ್ಲಿ ಒಂದೊಂದು ಗಂಟನ್ನೂ ತಡೆದು, ಇದ್ದಬದ್ದ ನಿಯಮಗಳನ್ನೆಲ್ಲ ನೋಡಿ ಕಳಿಸುತ್ತದೆ. ಬೇಗದ ನಡೆಯಲ್ಲಿ ಮೊದಲನೆಯದನ್ನು ಮಾತ್ರ ನೋಡಿ, ದಾರಿ ನೆನಪಿಟ್ಟುಕೊಂಡು, ಹಿಂದೆ ಬರುವುದನ್ನೆಲ್ಲ ನೀನೂ ಅತ್ತಲೇ ನಡಿ ಎಂದು ತಳ್ಳಿಬಿಡುತ್ತದೆ. ನಿಯಮ ಬದಲಾದರೂ ಹಳೇ ನೆನಪು ಬಿಡುವುದಿಲ್ಲ. ಅದನ್ನು ಒರೆಸಬೇಕು, ಇಲ್ಲವೇ ಕೆಲಹೊತ್ತು ಆ ದಾರಿಯಲ್ಲಿ ಏನೂ ಬರದೆ ತಾನಾಗಿ ಆರಬೇಕು.

ಆಫೀಸಿನ ಮಾಲೀಕ ಮೂರ್ತಿ ಯಾವಾಗಲೂ ಬೇಗದ ನಡೆಯಲ್ಲೇ ಇಡಿಸುತ್ತಿದ್ದ. ನೆನಪು ಒರೆಸುವುದಕ್ಕೆ ಅಲ್ಲಿ ಕಸ ಗುಡಿಸುವುದು ಅಂತಲೇ ಹೆಸರು. ಗುಡಿಸಿದರೆ ಊರಿನವರ ಟಿವಿಯೆಲ್ಲ ಒಂದು ಗಳಿಗೆ ತಡವರಿಸುತ್ತವೆ. ಅದಕ್ಕೇ ಅವನು, "ದೀಪ ಅಚ್ಚಿದ್ಮೇಲೆ ಮನೇಲೂ ಗುಡಿಸಂಗಿಲ್ಲ, ಇಲ್ಲೂ ಗುಡಿಸಂಗಿಲ್ಲ" ಎಂದಿದ್ದ. ಮೊದಲು ತಮಾಷೆಗೆ ಅಂದದ್ದು. ಬರಬರುತ್ತ ದೇವರ ಮುಂದೆ ದೀಪ ಹಚ್ಚಿದ ಮೇಲೆ ನೆನಪು ಒರೆಸುವ ಗುಂಡಿಯ ಹತ್ತಿರ ಕೈಯೊಯ್ಯಲು ಎಲ್ಲರಿಗೂ ಒಂಥರಾ ಅಳುಕು. ಕೋಮಲಳಿಗೂ.

ಅವಳ ಸೋದರಮಾವ ಮಾದಸ್ವಾಮಿಯದು ಲೊಕ್ಕನಹಳ್ಳಿ, ಕಾಡಂಚಿನ ಹೊಲ. ಜೋಳ ತೆನೆ ಕಟ್ಟಿದಾಗಿನಿಂದ ಮಂಡಿ ನೋವಿನಲ್ಲೂ ಅಟ್ಟಣೆ ಹತ್ತಿ ಕಾಯುತ್ತಿದ್ದ. ಹೊಲದ ತಲೆಯಲ್ಲಿ ಆನೆ ಕಂಡರೆ ಗುರುತು ಹಿಡಿಯುವ ಕ್ಯಾಮೆರಾ ಹಾಕಿಸಿಕೊಟ್ಟವಳು ಕೋಮಲ. ಮಾವನ ಮನೆಗೆ ಲೈನು ಎಳೆಯುವ ತನಕ ಅದರ ಸೈರನ್ನು ಊರಿನ ಇನ್ನೊಂದು ತುದಿಯ ಸೋಮಣ್ಣನ ಗೋಡೆಯ ಮೇಲಿತ್ತು. ಕೊನೆಗೆ ಲೈನು ಬಂದ ದಿನ ಮಾವನ ಮನೆಯಲ್ಲೇ ಹೊಸ ಸೈರನ್ನು ಕೂತಿತು. ಕೋಮಲ ಆಫೀಸಿನಲ್ಲಿ ನಿಯಮ ಬದಲಿಸಿ, ಕ್ಯಾಮೆರಾದ ಸುದ್ದಿ ಮಾವನ ಮನೆಗೆ ಹೋಗುವಂತೆ ಬರೆದಳು. ಅಷ್ಟರಲ್ಲಿ ದೀಪ ಹಚ್ಚಾಗಿತ್ತು. ಗುಡಿಸಲಿಲ್ಲ. ಬೆಳಗ್ಗೆ ಗುಡಿಸಿದರಾಯಿತು ಅಂದುಕೊಂಡಳೋ, ತಾನಾಗಿ ಸರಿಹೋಗುತ್ತದೆ ಅಂದುಕೊಂಡಳೋ, ಅವಳಿಗೇ ಸರಿಯಾಗಿ ತಿಳಿಯದು. ಫೋನಿನಲ್ಲಿ ಮಾತ್ರ ಗಟ್ಟಿಯಾಗಿ ಹೇಳಿದಳು: "ಮಾವ, ಇನ್ಮೇಲೆ ಅಟ್ಟಣೆ ಅತ್ಬ್ಯಾಡಿ. ಆನೆ ಬಂದ್ರೆ ಸೈರನ್ನೇ ಯೋಳ್ತದೆ."

ಆಫೀಸಿನ ಬಾಗಿಲು ದಾಟುವ ಮೊದಲೇ ಮಾವನ ಫೋನು.

"ಕೂಸೇ, ಸೋಮಣ್ಣನ ಮನೆತವು ಸೈರನ್ನು ಬಡ್ಕತಾ ಅದಂತೆ. ನಮ್ಮನೇದು ಸುಮ್ಕೆ ಕುಂತದೆ. ಆನೆ ಬಂದಿರೋದು ಯಾರ ವಲಕ್ಕೆ? ನಾನೋಗಿ ನೋಡ್ಕ ಬರ್ಲಾ?"

"ಬ್ಯಾಡಿ ಮಾವ! ಬಾಗ್ಲಾಕಂಡು ಒಳ್ಗೇ ಇರಿ!"

ಕ್ಯಾಮೆರಾ ಎಡೆಬಿಡದೆ ಏನಾದರೂ ಕಳಿಸುತ್ತಲೇ ಇರುತ್ತದೆ. ಹಾಗಾಗಿ ಸ್ವಿಚ್ಚಿನ ಹಳೇ ನೆನಪು ಆರಿರಲೇ ಇಲ್ಲ. ಆನೆ ಬಂದ ಸುದ್ದಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿತ್ತು, ಆದರೆ ಸೋಮಣ್ಣನ ಮನೆಗೆ. ಮಾವ ಮನೆಯಲ್ಲೇ ಉಳಿಯುವವನೂ ಅಲ್ಲ.

"ಸಾ, ಗುಡಿಸ್ಬುಡ್ಲಾ?"

"ಈಗ್ಲಾ? ಮ್ಯಾಚ್ ನಡೀತಾ ಅದೆ ಕಣವ್ವಾ" ಅಂದ ಮೂರ್ತಿ. "ಒಂದೇ ಸಲ ಎಲ್ಲಾ ಮರ್ತೋದ್ರೆ, ಎಲ್ಲಾ ಒಟ್ಗೆ ದಾರಿ ಕೇಳ್ತವೆ. ಮಿಷಿನ್ನೇ ಮಲಿಕ್ಕಂಡ್ರೆ ನಿಮ್ಮಾವನ್ ಸೈರನ್ನೂ ಮಲಿಕ್ಕತದೆ."

ಅದೂ ನಿಜವಿರಬಹುದು. ಅಲ್ಲದೆಯೂ ಇರಬಹುದು. ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಕೋಮಲ ಗುಡಿಸದೆ, ಸ್ವಿಚ್ಚನ್ನು ನಿಧಾನದ ನಡೆಗೆ ಹಾಕಿದಳು. ಈಗ ಅದು ನೆನಪನ್ನು ನಂಬುವುದಿಲ್ಲ, ಒಂದೊಂದನ್ನೂ ನೋಡಿಯೇ ಬಿಡುತ್ತದೆ. ಕೊಳ್ಳೇಗಾಲದ ಮನೆಗಳಲ್ಲೆಲ್ಲ ಚಿತ್ರ ನಿಂತುಹೋಯಿತು. ಆಫೀಸಿನ ಫೋನು ಬಡಿದುಕೊಳ್ಳತೊಡಗಿತು.

"ಏನ್ರೀ ಮೂರ್ತಿ!" ಗಿರಾಕಿ ಷಡಕ್ಷರಿಯ ದನಿ ಆ ಕಡೆಯಿಂದ ಕೋಣೆಯೆಲ್ಲ ಕೇಳಿತು. "ಅವ್ನು ಬ್ಯಾಟ್ ಎತ್ಕಂಡು ನಿಂತೇ ಅವ್ನೆ. ನಾನು ಕಾಫಿ ಕುಡ್ದು ಲೋಟ ತೊಳ್ದಿಟ್ರೂ ಇಳಿಸ್ನಿಲ್ಲ!"

ಕೋಮಲಳ ಕಿವಿ ಮಾತ್ರ ಮಾವನ ಫೋನಿಗೇ ಅಂಟಿತ್ತು. ಅವನ ಉಸಿರು ಕೇಳುತ್ತಿತ್ತು. ಅದರ ಹಿಂದೆ, ದೂರದಲ್ಲಿ, ಜೋಳದ ದಂಟು ಮುರಿಯುವ ಸದ್ದು. ಸ್ವಿಚ್ಚಿನ ಮುಂದೆ ಗಂಟುಗಳೆಲ್ಲ ಸಾಲಿನಲ್ಲಿ ನಿಂತಿರಬೇಕು. ಎಷ್ಟು ಉದ್ದದ ಸಾಲೋ.

"ಮಾವ, ಬಂತಾ?"

"ಏನೂ ಇಲ್ಲ ಕಣ್ ಕೂಸೇ. ಬ್ಯಾಟ್ರಿ ತಕಂಡು ಓಯ್ತೀನಿ ಕಣೆ ನಾನು."

"ನನ್ನಾಣೆ ಓಗ್ಬ್ಯಾಡಿ!"

ಚಿಲಕ ತೆಗೆದ ಸದ್ದಾಯಿತು. ಆಗ ಸೈರನ್ನು ಕೂಗಿತು. ಮಾವನ ಗೋಡೆಯ ಮೇಲೆಯೇ, ಫೋನು ಬಿರಿಯುವ ಹಾಗೆ. ಅಕ್ಕಪಕ್ಕದವರು ತಮಟೆ ಹಿಡಿದು ಹೊರಬಂದರು. ಆನೆಗಳು ಕಾಡಿನತ್ತ ತಿರುಗಿದವು. ಅಷ್ಟು ಹೊತ್ತಿಗೆ ಅರ್ಧ ಹೊಲ ತಿಂದಾಗಿತ್ತು, ತುಳಿದಾಗಿತ್ತು.

ಮೂರ್ತಿ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಬೇಗ ಇದ್ರೆ ತಪ್ ಮನೆಗೋಗ್ತದೆ. ಸರಿಯಾಗೋಗ್ಲಿ ಅಂದ್ರೆ ಆನೆ ತಿಂದಾದ್ಮೇಲೆ ಸುದ್ದಿ ಓಗ್ತದೆ. ಎಂಗ್ ಮಾಡಣ?" ಎಂದು ಕೇಳಿದ. ನಿಜಕ್ಕೂ ತಿಳಿಯದೆಯೇ ಕೇಳಿದ.

ಕೋಮಲ ಕ್ಯಾಮೆರಾ ಒಂದನ್ನೇ ನಿಧಾನದ ನಡೆಯಲ್ಲಿಟ್ಟು ಮಿಕ್ಕವರನ್ನೆಲ್ಲ ಬೇಗದ್ದಕ್ಕೆ ಬಿಟ್ಟಳು. ಒಂದೇ ಆದರೆ ಸಾಲು ನಿಲ್ಲಬೇಕಾಗಿಲ್ಲವಲ್ಲ. ಆದರೂ ಮ್ಯಾಚಿನ ನೂಕುನುಗ್ಗಲಿನಲ್ಲಿ ಆ ಒಂದರ ಗತಿ ಏನೋ? ಆನೆ ಬರದೆ ಅದನ್ನು ಪರೀಕ್ಷೆ ಮಾಡುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾವ ಮತ್ತೆ ಫೋನು ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

"ಓದ್ರೆ ಓಯ್ತು ಬುಡು. ಉಳ್ದಿರೋ ಅರ್ಧಕ್ಕೆ ನಾಳೀಕೆ ಬತ್ತವೆ. ನಾನು ಅಟ್ಟಣೆ ಅತ್ಲಾ, ಮನೇಲಿರ್ಲಾ? ನೀನ್ ಯೋಳ್ದಂಗೆ ಕೇಳ್ತೀನಿ."



"ಅಟ್ಟಣೆ ಅತ್ತಿ ಮಾವ" ಅಂದಳು. "ನಾಳೆ ನಾನೂ ಬತ್ತೀನಿ, ಅಟ್ಟಣೆ ಮೇಲೆ ಇಬ್ರೂ ಕೂರಣ. ಮೊದ್ಲು ಆನೆ ಕಾಣ್ತದೋ, ಮೊದ್ಲು ಸೈರನ್ನು ಕೇಳ್ತದೋ, ನಾನೇ ನೋಡ್ಬೇಕು."