ನಾನಿನ್ನೂ ರೈಟ್ ಹೇಳಿಲ್ಲ

ಕಳೆದ ವಾರ ನಮ್ಮ ಪುಟ್ಟ ರೈಲಿನ ಶೆಡ್ಡಿನಲ್ಲಿ ಗೂಟಕ್ಕೆ ನೇತುಬಿದ್ದಿದ್ದ ಕಂಡಕ್ಟರ್ ಕೋಟನ್ನು ತೆಗೆದು ಒದರಿದೆ. ಧೂಳು, ಕಲ್ಲಿದ್ದಲಿನ ಮಸಿ, ಒಂದು ಸತ್ತ ಜೇಡ ಎಲ್ಲ ಉದುರಿದವು. ಜೇಬಿಗೆ ಕೈ ಹಾಕಿದರೆ ಟಿಶ್ಯೂ ಪೇಪರಿನಲ್ಲಿ ಸುತ್ತಿದ ತುಂಡು ಕಡ್ಡಿ. ಮೂಗಿಗೆ ಹಿಡಿದೆ. ಜೇಷ್ಠಮಧು. ಅದನ್ನು ನನ್ನ ಜೇಬಿಗೆ ತುರುಕಿದ ಕೈ ನೆನಪಾಗಿ, ಅಲ್ಲೇ ಇದ್ದ, ಹಳಿಯಡಿಗೆ ಹಾಸುವ ಸ್ಲೀಪರ್ ಮರಗಳ ರಾಶಿಯ ಮೇಲೆ ಕುಕ್ಕರಿಸಿಬಿಟ್ಟೆ...

ರೈಲು ಅಂದ ತಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಅಮೆರಿಕದಲ್ಲಿ ನನ್ನ ಆಫೀಸಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿನಿಂದ ಒಂದಷ್ಟು ದೂರ ಡ್ರೈವ್ ಮಾಡಿದರೆ ಪೈನ್ ಮರಗಳ ನಡುವೆ, ಕೆಂಪು ಮಣ್ಣಿನ ಮೇಲೆ, ಹಿಂದೆ ಯಾವುದೋ ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುತ್ತಿದ್ದ ನ್ಯಾರೋಗೇಜ್ ಹಳಿ ಸಿಗುತ್ತದೆ. ಹಳಿಗಳ ನಡುವೆ ನಾನು ಅಡ್ಡ ಮಲಗಿದರೆ ತಲೆ ಆ ಕಡೆ, ಕಾಲು ಈ ಕಡೆ ಆಚೆ ಚಾಚಿಕೊಳ್ಳುತ್ತವೆ. ನಾನೇನು ಮಹಾ ಎತ್ತರದವನಲ್ಲ ಅನ್ನುವುದನ್ನೂ ಗಮನದಲ್ಲಿಡಿ. ಉಗಿಬಂಡಿಯೊಂದು, ಪಕ್ಕ ತೆರೆದ ಪುಟ್ಟ ಡಬ್ಬಿಗಳು ಕೆಲವು. ನಡೆಸುವವರೆಲ್ಲ ಸಂಬಳವಿಲ್ಲದ ವಾಲಂಟಿಯರ್‌ಗಳು. ಶನಿವಾರ ಬೋಲ್ಟ್ ಬಿಗಿ ಮಾಡಿ, ಕೊಳೆತ ಸ್ಲೀಪರ್ ಕಿತ್ತು, ಹೊಸದು ಹಾಕುತ್ತೇವೆ. ಭಾನುವಾರ ಜನರನ್ನು ಕೂರಿಸಿಕೊಂಡು ಕಾಡಿನಲ್ಲಿ ಒಂದು ಸುತ್ತು ಹೊಡೆಸುತ್ತೇವೆ.

ನಾನು ಅಲ್ಲಿಗೆ ಹೋಗಿದ್ದು ರೈಲಿನ ಪ್ರೀತಿಯಿಂದಲ್ಲ. ಕೊರೊನಾ ಕಾಲದಲ್ಲಿ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಗಳ ನಡುವೆ ವರ್ಕ್ ಫ್ರಮ್ ಹೋಮ್ ಮಾಡಿ ಮಾಡಿ ಫ್ರಿಜ್ಜಿನ ಸದ್ದನ್ನು ಮಿಮಿಕ್ರಿ ಮಾಡುವ ಮಟ್ಟಕ್ಕೆ ಬಂದಿದ್ದೆ. ಮೈಸೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಬೆಕ್ಕಿನವರೆಗೆ ಎಲ್ಲರ ದನಿ ಕದ್ದವನು ನಾನು. ಇಲ್ಲಿ ಕದಿಯಲು ಮನುಷ್ಯರೇ ಸಿಗಲಿಲ್ಲ. ಮನುಷ್ಯರನ್ನು ಹುಡುಕಿಕೊಂಡೇ ಒಂದು ಭಾನುವಾರ ಆ ರೈಲಿಗೆ ಹೋದೆ. ಹೋಗಿದ್ದೂ ಲೇಟಾಗಿ. ಪಾರ್ಕಿಂಗ್ ಲಾಟಿನಿಂದ ಏದುಸಿರು ಬಿಡುತ್ತಾ ಓಡುತ್ತಿದ್ದಾಗ ಪ್ಲಾಟ್‌ಫಾರಂ ಕಡೆಯಿಂದ ಅಚ್ಚ ಮೈಸೂರು ಕನ್ನಡ ಕೇಳಿಸಿತು.

"ಓಡ್ಬೇಡ ಕಣೋ! ನಾನಿನ್ನೂ ರೈಟ್ ಹೇಳಿಲ್ಲ!"

ನನ್ನ ಮುಖ ನೋಡಿ ಕನ್ನಡದವನು ಅಂತ ಹೇಗೆ ಗೊತ್ತಾಯಿತು ಅಂತ ಆಮೇಲೆ ಕೇಳಿದೆ. "ಟೈಮ್ ಆದ್ಮೇಲೆ ಓಡ್ಬರೋ ಸ್ಟೈಲಲ್ಲೇ ಗೊತ್ತಾಗುತ್ತೆ, ನಮ್ಮೋರು ಅಂತ" ಅಂದರು. ಅವರೇ ಕಂಡಕ್ಟರ್ ಆಂಟಿ.

ಎಷ್ಟೋ ವರ್ಷ ಹಲ್ಲಿನ ಡಾಕ್ಟರೊಬ್ಬರ ಆಫೀಸಿನಲ್ಲಿ ಫೋನ್ ಎತ್ತಿ ಅಪಾಯಿಂಟ್‌ಮೆಂಟ್ ಕೊಟ್ಟು ರಿಟೈರ್ ಆಗಿದ್ದರು. ಅವರಪ್ಪ ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರಂತೆ. ಈ ರೈಲಿನಲ್ಲಿ ಕಪ್ಪು ಕೋಟು ಹಾಕಿಕೊಂಡು ನಿಂತ ಎಲ್ಲರೂ "ಆಲ್ ಅಬೋರ್ಡ್" ಅಂತ ಕೂಗಿದರೆ, ಆಂಟಿ ಮಾತ್ರ ಅಪ್ಪನ ಬಸ್ಸನ್ನೇ ತಂದು ನಿಲ್ಲಿಸುತ್ತಿದ್ದರು. "ಹೋಲ್ಡಾನ್! ಹತ್ಕೊಳ್ಳಿ, ಹತ್ಕೊಳ್ಳಿ, ಒಳಗ್ ಹೋಗಿ, ಮುಂದೆ ಜಾಗ ಇದೆ..." ಡಬ್ಬಿಯಲ್ಲಿ ಎರಡೇ ಬೆಂಚು, ಮುಂದೆ ಎಲ್ಲಿಗೆ ಹೋಗುವುದು? ಆದರೂ ಜನ ಪಾಪ ಸರಿದು ಕೂರುತ್ತಿದ್ದರು, ಕನ್ನಡದ ಗಂಧ ಇಲ್ಲದವರೂ. ಎಲ್ಲ ಮುಗಿದ ಮೇಲೆ "ರೈಟ್... ರಾ...ಯ್ಟ್!" ಆ ಕೊನೆಯ ರೈಟ್ ಮೂಗಿನಿಂದ ಹೊರಟು ಪೈನ್ ಮರದ ತುದಿಗೆ ಹೋಗಿ ಕೂರುತ್ತಿತ್ತು. ಎಂಜಿನ್ ನಡೆಸುತ್ತಿದ್ದ ಅಮೆರಿಕನ್ ತಾತನಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಆಂಟಿ ಇದ್ದ ದಿನ ಬೇರೆ ಯಾರು ಏನು ಕೂಗಿದರೂ ಆತ ಸೀಟಿ ಹಾಕುತ್ತಿರಲಿಲ್ಲ.

ಆಂಟಿ ಡ್ಯೂಟಿಯಲ್ಲಿದ್ದರೆ ರೈಲು ಎಂದೂ ಟೈಮಿಗೆ ಹೊರಡುತ್ತಿರಲಿಲ್ಲ. ದೂರದಲ್ಲಿ ಯಾರಾದರೂ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿದರೂ ಸಾಕು, ಕೈ ಮೇಲೆತ್ತಿ ನಿಲ್ಲಿಸಿಬಿಡುತ್ತಿದ್ದರು. ಸ್ಟ್ರೋಲರ್ ಬಿಚ್ಚುವ ಅಮ್ಮ, ಡೈಪರ್ ಬ್ಯಾಗ್ ಮರೆತು ವಾಪಸ್ ಹೋದ ಅಪ್ಪ, ಅವರ ಹಿಂದೆ ನಡೆಯಲಾರದ ಅಜ್ಜಿ. ಎಲ್ಲರಿಗೂ ಕಾಯುತ್ತಿದ್ದರು. ಕಮಿಟಿಯವರು ಎಷ್ಟೋ ಸಲ ನಯವಾಗಿ ಹೇಳಿನೋಡಿದರು. "ಬಿಟ್ಟು ಹೋದ ಬಸ್ಸಿನ ಹಿಂಭಾಗ ನೋಡಿದ್ದೀಯೇನೋ? ಅದಕ್ಕಿಂತ ಕೆಟ್ಟ ದೃಶ್ಯ ಪ್ರಪಂಚದಲ್ಲಿಲ್ಲ" ಅನ್ನುತ್ತಿದ್ದರು ಆಂಟಿ ನನಗೆ.

ನಾನೂ ವಾಲಂಟಿಯರ್ ಆಗಿ ಸೇರಿಕೊಂಡೆ. ಒಂದು ತಿಂಗಳೊಳಗೆ ಎಲ್ಲರನ್ನೂ ಕದ್ದಾಗಿತ್ತು. ಎಂಜಿನ್ ತಾತನ ಕೆಮ್ಮು, ಎಂಜಿನ್ನಿನದೇ ಕೆಮ್ಮು (ಎರಡಕ್ಕೂ ವ್ಯತ್ಯಾಸ ಕಮ್ಮಿ), ಎಲ್ಲರಿಗಿಂತ ಹೆಚ್ಚಾಗಿ ಆಂಟಿಯನ್ನು. ಊಟದ ಹೊತ್ತಿಗೆ ಅವರ ಹಿಂದೆ ನಿಂತು "ಮುಂದೆ ಜಾಗ ಇದೆ" ಅಂದರೆ ಚಿತ್ರಾನ್ನದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಮುಂದೆ ಸರಿಯುತ್ತಿದ್ದರು, ಆಮೇಲೆ ನನ್ನ ಬೆನ್ನಿಗೆ ಗುದ್ದುತ್ತಿದ್ದರು. "ಕೋತಿ ಮುಂಡೇದೆ, ನಿಂಗೆ ನಿಂದೇ ಅಂತ ಒಂದು ದನಿ ಇದ್ಯೋ ಇಲ್ವೋ?" ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಈಗಲೂ ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರ್ ದನಿಯಲ್ಲೇ ಮ್ಯಾನೇಜರಿಗೆ ಉತ್ತರ ಕೊಡುತ್ತೇನೆ.

ಹೊಗೆಗೆ ಗಂಟಲು ಕೆರೆಯುತ್ತದೆ ಅಂತ ಆಂಟಿ ಯಾವಾಗಲೂ ಜೇಷ್ಠಮಧು ಅಗಿಯುತ್ತಿದ್ದರು. ದನಿ ಸ್ವಲ್ಪ ಒಡೆಯುತ್ತಿತ್ತು. ನಾವೆಲ್ಲ ಕಲ್ಲಿದ್ದಲಿಗೆ ಬೈದು ಸುಮ್ಮನಾಗುತ್ತಿದ್ದೆವು...

ಕೊರೊನಾ ಇಳಿದ ವರ್ಷ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮ ಇಲ್ಲಿನ ಒಂದು ಹೈಸ್ಕೂಲಿನ ಆಡಿಟೋರಿಯಂನಲ್ಲಿ ನಡೆಯಿತು. ನನ್ನ ಮಿಮಿಕ್ರಿ ಇತ್ತು. ಕೊನೆಯ ಐಟಂ ಆಂಟಿಯದೇ. ಆ ಒಡಕು ದನಿಯ ಸಮೇತ ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಆಂಟಿಯೂ ಕಣ್ಣೊರೆಸಿಕೊಂಡು ನಕ್ಕರು. ಪಕ್ಕದಲ್ಲಿ ಕೂತಿದ್ದ ಅವರ ಗಂಡ, ಅಂಕಲ್, ಮಾತ್ರ ನಗಲಿಲ್ಲ. ಸೊಳ್ಳೆ ಕಚ್ಚುತ್ತೆ ಅಂತ ಒಮ್ಮೆಯೂ ರೈಲಿಗೆ ಬಾರದ ಮನುಷ್ಯ ಅವರು. ಊಟದ ಸಾಲಿನಲ್ಲಿ ಹೋಳಿಗೆ ಕೂಡ ಹಾಕಿಸಿಕೊಳ್ಳದೆ ನನ್ನ ಹತ್ತಿರ ಬಂದರು.

"ಅಲ್ಲಪ್ಪ... ಅವಳ ದನಿ ಅಷ್ಟು ಒಡೆದಿದ್ಯಾ? ನೀನು ಕಾಮಿಡಿಗೆ ಅಂತ ಜಾಸ್ತಿ ಮಾಡಿದ್ದು ತಾನೆ?"

ಅಣಕ ಅಂದರೆ ಯಾವಾಗಲೂ ಉಪ್ಪು ಒಂದು ಚಿಟಿಕೆ ಹೆಚ್ಚು. ಇಲ್ಲದಿದ್ದರೆ ಯಾರೂ ನಗುವುದಿಲ್ಲ. ಆದರೆ ಆ ಒಡಕಿಗೆ ನಾನು ಏನೂ ಸೇರಿಸಿರಲಿಲ್ಲ. "ಇಲ್ಲ ಅಂಕಲ್, ಈಗ ಅಷ್ಟೇ ಇದೆ" ಅಂದೆ. ದಿನಾ ಕೇಳುವ ದನಿ ದಿನಕ್ಕೊಂದೆಳೆ ಒಡೆದರೆ ಮನೆಯವರಿಗೆ ತಿಳಿಯುವುದಿಲ್ಲ. ಸ್ಟೇಜಿನ ಮೇಲೆ ಒಬ್ಬ ಕೋತಿ ಅದನ್ನು ಮೈಕಿನಲ್ಲಿ ಕೂಗಬೇಕಾಯಿತು.

ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಜೇಷ್ಠಮಧುವಿಗೆ ಬಗ್ಗುವಂಥದ್ದಾಗಿರಲಿಲ್ಲ. ಜೀವ ಉಳಿಸಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು.

ಆಂಟಿ ಅದನ್ನು ನನಗೆ ಹೇಳಿದ್ದು ಶೆಡ್ಡಿನಲ್ಲಿ, ಡಬ್ಬಿಯ ಬೆಂಚು ಒರೆಸುತ್ತಾ. ಅಳಲಿಲ್ಲ. "ಆಪರೇಷನ್ ಆದ್ಮೇಲೆ ಒಂದು ಮೆಷಿನ್ ಕೊಡ್ತಾರಂತೆ, ಕತ್ತಿಗೆ ಒತ್ತಿ ಹಿಡ್ಕೊಂಡ್ರೆ ಮಾತು ಬರುತ್ತಂತೆ. ಮಿಕ್ಸಿ ಮಾತಾಡ್ದಂಗೆ. ಅದ್ರಲ್ಲಿ ನಮ್ಮಪ್ಪನ ರೈಟ್ ಹೇಳಕ್ಕಾಗುತ್ತೇನೋ?" ಅಂದರು. ಆಮೇಲೆ ಬಟ್ಟೆ ಕೆಳಗಿಟ್ಟು, "ನೀನು ಕಲ್ತ್ಕೋ. ತಮಾಷೆಗಲ್ಲ. ನಂದು ನಿಂತ್ರೂ ಅದು ನಿಲ್ಬಾರ್ದು" ಅಂದರು.

ಕಲಿಯುವುದೇನು ಬಂತು, ನನಗೆ ಬಾಯಿಪಾಠ ಅಂದುಕೊಂಡು ಅಲ್ಲೇ ಕೂಗಿ ತೋರಿಸಿದೆ. ಆಂಟಿ ತಲೆ ಆಡಿಸಿದರು. "ಇದು ನಾನಲ್ಲ. ನನ್ನ ನೋಡಿ ನಗ್ತಿರೋ ನೀನು." ಮತ್ತೆ ಕೂಗಿದೆ. ಮತ್ತೆ ಅಲ್ಲ ಅಂದರು. ಆ ವಸಂತದ ಶನಿವಾರಗಳೆಲ್ಲ ಅದೇ ಆಯಿತು. ನಾನು ಬೋಲ್ಟ್ ಬಿಗಿ ಮಾಡುತ್ತಾ ಕೂಗುವುದು, ಅವರು ಮೊಣಕಾಲಿನ ಮೇಲೆ ತಾಳ ಹಾಕುತ್ತಾ 'ಉಪ್ಪು ಜಾಸ್ತಿ' ಅಂತ ತಿದ್ದುವುದು. ಮೂಗು ಕಮ್ಮಿ ಮಾಡು. ಎಳೆತ ಕಮ್ಮಿ ಮಾಡು. ಒಡಕು ಬಿಡು, ಅದು ರೋಗದ್ದು, ನಂದಲ್ಲ. ನನ್ನ ಜೀವಮಾನದಲ್ಲಿ ಯಾರನ್ನೂ ಅಷ್ಟು ಹತ್ತಿರದಿಂದ ಕೇಳಿಸಿಕೊಂಡಿರಲಿಲ್ಲ. ಒಂದು ದಿನ ಕೂಗಿದಾಗ ಯಾರೂ ನಗಲಿಲ್ಲ. ಶೆಡ್ಡಿನ ಆಚೆ ತುದಿಯಲ್ಲಿ ಎಣ್ಣೆ ಹಾಕುತ್ತಿದ್ದ ಎಂಜಿನ್ ತಾತ ಕ್ಯಾನು ಕೆಳಗಿಟ್ಟು, ಎಂಜಿನ್ ಹತ್ತಲು ಹೊರಟುಬಿಟ್ಟ. ಆಂಟಿ ನನ್ನ ತಲೆ ಸವರಿದರು.

ಆಪರೇಷನ್ ಬೇಸಿಗೆಯಲ್ಲಾಯಿತು. ಎಲೆಗಳು ಬಣ್ಣ ತಿರುಗುವ ಹೊತ್ತಿಗೆ ಒಂದು ಭಾನುವಾರ ಅವರು ಬಂದರು, ಕತ್ತಿಗೆ ಹಸಿರು ರೇಷ್ಮೆ ಸ್ಕಾರ್ಫ್ ಸುತ್ತಿಕೊಂಡು, ಮೆಷಿನ್ ಮನೆಯಲ್ಲೇ ಬಿಟ್ಟು ಕೈಯಲ್ಲಿ ಮಕ್ಕಳು ಗೀಚಿ ಅಳಿಸುವ ಸ್ಲೇಟು ಹಿಡಿದುಕೊಂಡು. ಕೋಟು ನನ್ನ ಮೈಮೇಲಿತ್ತು. ಅವರು ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತರು. ನಾನು ಅವರ ಕಡೆ ನೋಡದೆ ಕೂಗಿದೆ. ಹೋಲ್ಡಾನ್, ಹತ್ಕೊಳ್ಳಿ, ಮುಂದೆ ಜಾಗ ಇದೆ... ತಮ್ಮದೇ ದನಿ ಇನ್ನೊಬ್ಬರ ಬಾಯಿಂದ ಬರುವುದನ್ನು ಕೇಳುವುದು ಹೇಗಿರುತ್ತದೋ, ನನಗೆ ಗೊತ್ತಿಲ್ಲ. ಇನ್ನೇನು ರೈಟ್ ಅನ್ನಬೇಕು, ಆಂಟಿ ತಟ್ಟನೆ ಎದ್ದು ನಿಂತು ಕೈ ಮೇಲೆತ್ತಿದರು. ಪಾರ್ಕಿಂಗ್ ಲಾಟಿನಿಂದ ಒಂದು ಸಂಸಾರ ಓಡಿ ಬರುತ್ತಿತ್ತು. ಆಂಟಿ ಅವರ ಕಡೆ ತಿರುಗಿ ಬಾಯಿ ತೆರೆದರು. ಏನೂ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಓಡ್ಬೇಡಿ! ನಾನಿನ್ನೂ ರೈಟ್ ಹೇಳಿಲ್ಲ!" ಅಂದೆ, ಅವರಾಗಿ.

ರೈಲು ಸುತ್ತು ಹಾಕಿ ವಾಪಸ್ ಬಂದಾಗ ಸ್ಲೇಟಿನಲ್ಲಿ 'ಉಪ್ಪು ಸರಿಯಾಗಿದೆ' ಅಂತ ಬರೆದು ತೋರಿಸಿದರು. ಪರ್ಸಿನಿಂದ ಜೇಷ್ಠಮಧು ತೆಗೆದು ಟಿಶ್ಯೂವಿನಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಿದರು, ಇನ್ನು ಮುಂದೆ ಕಾಪಾಡಬೇಕಾದ ಗಂಟಲು ನಿನ್ನದು ಅನ್ನುವ ಹಾಗೆ.

ಚಳಿಗಾಲದಲ್ಲಿ ಗಂಟಲಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯಿಂದ ಅಂಕಲ್ ಫೋನ್ ಮಾಡಿದಾಗ ನಾನು ಹೊರಟೆ, ಹೈವೇಯಲ್ಲಿ ಯಾವುದೋ ಆಕ್ಸಿಡೆಂಟ್, ಟ್ರಾಫಿಕ್ ನಿಂತುಬಿಟ್ಟಿತ್ತು. ಸ್ಟೀರಿಂಗ್ ಹಿಡಿದುಕೊಂಡು ಒಂದೇ ಯೋಚನೆ, ಆಂಟಿ ಕಾಯ್ತಾರೆ, ಲೇಟಾದವರಿಗೆಲ್ಲ ಕಾಯೋರು ಅವರು... ಕಾಯಲಿಲ್ಲ.

ಫ್ಯೂನರಲ್ ಹೋಮಿನಲ್ಲಿ ಬೆಂಕಿಗೆ ಒಂದು ಬಟನ್ನು. ಮನೆಯವರು ಒತ್ತಬೇಕು. ಮಕ್ಕಳಿಲ್ಲದ ದಂಪತಿ, ಅಂಕಲ್ ಒಬ್ಬರೇ ಬೆರಳು ಚಾಚಿಕೊಂಡು ನಿಂತಿದ್ದರು. ಬೆರಳು ಮುಂದೆ ಹೋಗುತ್ತಿರಲಿಲ್ಲ. ಹಿಂದೆ ನಾವು ರೈಲಿನವರು ಕೆಲವರು, ಎಂಜಿನ್ ತಾತ ಟೋಪಿ ಎದೆಗೆ ಹಿಡಿದುಕೊಂಡು. ಅಂಕಲ್ ಗೋಡೆ ನೋಡುತ್ತಲೇ ಹೇಳಿದರು. "ಇವಳು ಹೇಳ್ದೆ ಯಾವ ಗಾಡಿನೂ ಹೊರಡಲ್ಲ ಅಂತಿದ್ರಲ್ಲಪ್ಪ ನೀವೆಲ್ಲ. ನಂಗೆ ಆಗ್ತಿಲ್ಲ. ನೀನು ಹೇಳು."

ಹೇಳಿದೆ. ಹೋಲ್ಡಾನ್ ಬೇಡವಾಗಿತ್ತು, ಮುಂದೆ ಜಾಗ ಇದೆ ಅನ್ನುವುದೂ ಬೇಡವಾಗಿತ್ತು. ಬರೀ ರೈಟ್ ಅಂದೆ. ಒಡಕಿಲ್ಲದ, ಅಣಕವಿಲ್ಲದ, ಅವರು ತಿದ್ದಿ ತಿದ್ದಿ ಕೊಟ್ಟ ರೈಟ್. ನಾನು ಇದುವರೆಗೆ ಮಾಡಿದ ಮಿಮಿಕ್ರಿಯಲ್ಲೆಲ್ಲ ಅಷ್ಟು ಚೆನ್ನಾಗಿ ಯಾವುದೂ ಬಂದಿಲ್ಲ.

ಅಂಕಲ್ ಗಕ್ಕನೆ ತಿರುಗಿದರು. ನನ್ನ ಕಡೆಯಲ್ಲ. ನನ್ನ ಹಿಂದೆ, ಬಾಗಿಲ ಕಡೆ ನೋಡಿದರು. ಕಣ್ಣು ಅಲ್ಲಿ ಯಾರನ್ನೋ ಹುಡುಕಿತು. ಆ ಒಂದು ಕ್ಷಣದ ಅವರ ಮುಖ... ಆಮೇಲೆ ಅವರು ಮತ್ತೆ ಈ ಕಡೆ ತಿರುಗಿ ಬಟನ್ ಒತ್ತಿದರು.

ಅಂದಿನಿಂದ ಆ ದನಿ ನಾನು ತೆಗೆದಿಲ್ಲ. ಕೋಟು ಗೂಟಕ್ಕೆ ಹಾಕಿ, ಪೂರಾ ಒಂದು ಸೀಸನ್ ಹಳಿ ಕೆಲಸವನ್ನಷ್ಟೇ ಮಾಡಿದೆ. ಬೇರೊಬ್ಬರು ತಮ್ಮದೇ ಕೋಟು ತಂದು ಹಾಕಿಕೊಂಡು, ವಾಚು ನೋಡಿ ರೈಲು ಬಿಡುತ್ತಿದ್ದರು. ಟೈಮಿಗೆ ಸರಿಯಾಗಿ. ಅದು ಹೊರಟಾಗಲೆಲ್ಲ ಪ್ಲಾಟ್‌ಫಾರಮ್ಮಿನಲ್ಲಿ ಯಾರಾದರೂ ಒಬ್ಬರು, ಮಗುವನ್ನೆತ್ತಿಕೊಂಡು, ಕೊನೆಯ ಡಬ್ಬಿಯ ಹಿಂಭಾಗ ನೋಡುತ್ತಾ ನಿಂತಿರುತ್ತಿದ್ದರು. ಆ ಕಂಡಕ್ಟರು ಈ ವರ್ಷ ಬೇರೆ ಊರಿಗೆ ಮೂವ್ ಆದರು. ಕೋಟು ಮತ್ತೆ ನನ್ನ ಪಾಲಿಗೆ ಬಂತು.

ನಿನ್ನೆ ಸೀಸನ್ನಿನ ಮೊದಲ ಭಾನುವಾರ. ಜನ ಹತ್ತಿ ಕೂತರು. ಎಂಜಿನ್ ತಾತ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದ. ಜೇಬಿನಲ್ಲಿ ಕಡ್ಡಿ ಹಾಗೇ ಇತ್ತು. 'ಅದು ನಿಲ್ಬಾರ್ದು' ಅಂದಿದ್ದ ಆಂಟಿಗೆ ಕೊಟ್ಟ ಮಾತೂ ಗಂಟಲಲ್ಲಿ ಹಾಗೇ ಇತ್ತು. ಬಾಯಿ ತೆರೆದೆ... ಅಂಕಲ್ ಮುಖ ಕಣ್ಣಿಗೆ ಬಂದು, ಮುಚ್ಚಿಕೊಂಡೆ. ಟೈಮ್ ಮೀರುತ್ತಿತ್ತು. ಪಾರ್ಕಿಂಗ್ ಲಾಟ್ ಕಡೆ ತಿರುಗಿ, ಕೈ ಮೇಲೆತ್ತಿ ನಿಂತೆ.

"ಯಾರಾದ್ರೂ ಬರ್ತಿದಾರಾ?" ಅಂತ ತಾತ ಇಂಗ್ಲಿಷಿನಲ್ಲಿ ಕೂಗಿ ಕೇಳಿದ.

ಅಲ್ಲಿ ಯಾರೂ ಇರಲಿಲ್ಲ. ನಾನು ಕೈ ಇಳಿಸಲಿಲ್ಲ.