ಖಾನಾವಳಿ ಪಾರೂಬಾಯಿಯ ಮಗಳು

ಮರಾಠಿ ಗಿರಣಿ ಕಾರ್ಮಿಕರ ಕೇರಿಯಾದ ಲಾಲ್‌ಬಾಗಿನ ಒಂದು ಚಾಳಿನಲ್ಲಿ ಪಾರೂಬಾಯಿ ಶೇಲಾರಳ ಖಾನಾವಳಿ ಎಂದರೆ ಒಂದೇ ಕೋಣೆ. ಬಟ್ಟೆ ಗಿರಣಿಗಳು ಮುಚ್ಚಿ, ಪಾಳಿಯ ಮೇಲೆ ಉಣ್ಣಲು ಬರುತ್ತಿದ್ದ ಗಂಡಸರು ಊರು ಸೇರಿದ ಮೇಲೂ ಆಕೆ ಒಲೆ ಆರಿಸಲಿಲ್ಲ. ಬಾಯಿ ಬಲು ಜೋರು. ಉಪ್ಪು ಕಡಿಮೆ ಎಂದವನ ವಂಶವನ್ನೆಲ್ಲ ಜಾಲಾಡಿದ ಮೇಲೆಯೇ ಉಪ್ಪು ಬಡಿಸುತ್ತಿದ್ದಳು.

ಅಂಥವಳ ಅಡುಗೆಮನೆಗೆ ಸಮಾಜಶಾಸ್ತ್ರದ ಸಂಶೋಧನೆಗೆಂದು ಮೃಣಾಲ್ ಬಂದಳು. ನಾಲ್ಕು ಪ್ರಶ್ನೆ ಕೇಳಿ ಎದ್ದುಹೋಗುವ ಪೈಕಿಯಲ್ಲ. ಜೊತೆಗೇ ಕೂತು, ಕೆಲಸ ಮಾಡುತ್ತ ನೋಡುವುದು ಅವಳ ಪದ್ಧತಿ.

"ಮಾವ್ಶಿ, ಪುಸ್ತಕದಲ್ಲಿ ಹೆಸರು ಬದಲಾಯಿಸ್ತೀವಿ. ನಿಮ್ಗೆ ತೊಂದ್ರೆ ಆಗ್ಬಾರ್ದಲ್ಲ," ಎಂದು ಮೊದಲ ದಿನವೇ ಹೇಳಿದಳು.

"ಏನಾದ್ರೂ ಇಟ್ಕೋ ಹುಡ್ಗಿ. ಮೊದ್ಲು ಈರುಳ್ಳಿ ಸಣ್ಣಗೆ ಹೆಚ್ಚೋದು ಕಲಿ. ಹಿಂಗೆ ಹೆಚ್ಚಿದ್ರೆ ಅತ್ತೆ ಮನೇಲಿ ಎರಡು ದಿನಾನೂ ಇಟ್ಕೊಳ್ಳಲ್ಲ!"

ವರ್ಷ ಕಳೆಯುವಷ್ಟರಲ್ಲಿ ಹೊರಗಿನವಳು ಮನೆಯವಳಾದಳು. ಒಂದು ಮಧ್ಯಾಹ್ನ ಭಾಕ್ರಿ ತಟ್ಟುತ್ತಲೇ ಪಾರೂಬಾಯಿ, ಯಾರ ಮುಂದೆಯೂ ಬಾಯಿಬಿಡದ್ದನ್ನು ಹೇಳಿದಳು. ಮಗಳು ಶೇವಂತಾ ಇದೇ ಒಲೆಯ ಮುಂದೆ ಕೆಮ್ಮುತ್ತಿದ್ದಳು. ಕ್ಷಯ ಎಂದು ಗೊತ್ತಾದರೆ ಉಣ್ಣುವವರು ಬಿಟ್ಟುಹೋಗುತ್ತಾರೆಂದು, ಹೊಗೆಗೆ ಕೆಮ್ಮುತ್ತಾಳೆ ಎಂದು ತಾಯಿ ಕೇಳಿದವರನ್ನು ಸಾಗಹಾಕುತ್ತಿದ್ದಳು. ಆಸ್ಪತ್ರೆಗೆ ಒಯ್ಯುವಾಗ ಹೊತ್ತು ಮೀರಿತ್ತು. ಹುಡುಗಿಯ ಒಂದು ಫೋಟೋ ಕೂಡ ಉಳಿದಿಲ್ಲ.

"ಬರ್ಕೋ ತಾಯಿ. ಅವಳಿದ್ದಳು ಅಂತ ಎಲ್ಲಾದ್ರೂ ಒಂದ್ಕಡೆ ಉಳೀಲಿ."

ಮೃಣಾಲ್ ಕಣ್ಣೊರೆಸಿಕೊಂಡು ಆಗಲಿ ಎಂದಳು. ಮೊದಲ ದಿನದ ಮಾತು ಇಬ್ಬರಿಗೂ ನೆನಪಾಗಲಿಲ್ಲ.

ಅಂತೂ ಪುಸ್ತಕ ಬಂತು. ಅಕ್ಷರ ಬಾರದ ಪಾರೂಬಾಯಿ ಮಡಿಸಿಟ್ಟ ಹಸಿರು ಸೀರೆ ಉಟ್ಟು ಕೇಳಲು ಕೂತಳು. ಮೃಣಾಲ್ ಓದತೊಡಗಿದಳು: ಗಂಗೂಬಾಯಿಯ ಮಗಳು ಲತಾ ಒಲೆಯ ಮುಂದೆ ಕೆಮ್ಮುತ್ತಿದ್ದಳು...

"ಲತಾ ಯಾರೇ?"

"ಶೇವಂತಾನೇ ಮಾವ್ಶಿ. ಹೆಸರು ಬದಲಾಯಿಸ್ತೀವಿ ಅಂತ ಅವತ್ತೇ ಹೇಳಿದ್ನಲ್ಲ. ನಮ್ಮಲ್ಲಿ ಅದು ನಿಯಮ."

"ನಂದು ಬದಲಾಯಿಸ್ತೀಯ ಅಂದ್ಕೊಂಡೆ. ತಪ್ಪು ಮಾಡಿದ್ದು ನಾನು ಕಣೇ. ಮುಚ್ಚಿಡೋಕೆ ಅವಳೇನು ಮಾಡಿದ್ಲು?"

ಮೃಣಾಲ್‌ಳ ಮುಖ ಸಣ್ಣಗಾಯಿತು. ಪೆನ್ನು ತೆಗೆದು, ಲತಾ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ಶೇವಂತಾ ಎಂದು ಬರೆದಳು. ಪಾರೂಬಾಯಿ ಆ ಅಕ್ಷರಗಳ ಮೇಲೆ ಭಾಕ್ರಿ ತಟ್ಟಿ ಒರಟಾದ ಬೆರಳಾಡಿಸಿದಳು.

"ಅಚ್ಚಾಗಿರೋ ಉಳಿದ ಪುಸ್ತಕಗಳಲ್ಲಿ?"

ಮೃಣಾಲ್ ಪೆನ್ನಿಗೆ ಮುಚ್ಚಳ ಹಾಕಿದಳು.

"ಕೆಮ್ಮು ನಾನು ಮುಚ್ಚಿಟ್ಟೆ, ಹೆಸರು ನೀನು ಮುಚ್ಚಿಟ್ಟೆ," ಎಂದಳು ಪಾರೂಬಾಯಿ. ಬೈಗುಳಕ್ಕೆ ಹೆಸರಾದ ಆ ಬಾಯಲ್ಲಿ ಅಂದು ಸಿಟ್ಟೇ ಇರಲಿಲ್ಲ. ಬೈದಿದ್ದರೆ ಮೃಣಾಲ್ ಹೇಗೋ ತಡೆದುಕೊಳ್ಳುತ್ತಿದ್ದಳು.