ಗೆಂಡೆ ಹಿಡಿಯಲು ಹೋಗಿ ನಿಧಿ ಹಿಡಿದದ್ದು

ಶಿಡ್ಲಘಟ್ಟದಲ್ಲಿ ಬಸ್ಸಿಳಿದವರನ್ನು ಮೊದಲು ಸ್ವಾಗತಿಸುವುದು ವಾಸನೆ. ರೇಷ್ಮೆ ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಬೆಂದ ಹುಳದ್ದು. ಮೂಗು ಮುಚ್ಚಿಕೊಳ್ಳುವುದು ವಾಡಿಕೆ. ಮೊನ್ನೆ ನಾನು ಮಾತ್ರ ಎದೆತುಂಬ ಎಳೆದುಕೊಂಡೆ. ಗೌಸ್ ನೆನಪಾದ.

ಎಂಬತ್ತರ ದಶಕದಲ್ಲಿ ಇಲ್ಲಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಅವನು ನೂಲು ಬಿಚ್ಚುತ್ತಿದ್ದ, ನಾನು ಗುಮಾಸ್ತ. ಭಾನುವಾರ ಒಂದು ಡಬ್ಬಿ ಇದೇ ಬೆಂದ ಹುಳ ಹಿಡಿದು, ಸೈಕಲ್ಲೇರಿ, ಗುಡ್ಡದ ಹಿಂದಿನ ಕೆರೆಗೆ ದಂಡೆತ್ತಿ ಹೋಗುತ್ತಿದ್ದೆವು. ಆ ಹುಳಕ್ಕೆ ಗೆಂಡೆ ಮೀನು ಪ್ರಾಣ ಬಿಡುತ್ತದೆಂಬುದು ಗೌಸನ ಸಿದ್ಧಾಂತ. ಗೆಂಡೆಗಳಿಗೆ ಅದು ಗೊತ್ತಿರಲಿಲ್ಲ. ಹುಳ ತಿಂದು ಗಾಳ ಬಿಟ್ಟು ಹೋಗುತ್ತಿದ್ದವು.

ಕೆರೆ ಏರಿಯ ಮೇಲೆ ಹಸು ಮೇಯಿಸುವ ಮುನಿಯಮ್ಮ ಪ್ರತಿ ಸಲ ಕೇಳುತ್ತಿದ್ದಳು: "ನನ್ ಬಿಂದಿಗೆ ಏನಾರ ಸಿಕ್ತೇನ್ರಪ್ಪ?" ತವರಿನವರು ಹೆಸರು ಕೊರೆಸಿ ಕೊಟ್ಟ ಹಿತ್ತಾಳೆ ಬಿಂದಿಗೆ, ಮದುವೆಯಾದ ವರ್ಷವೇ ಕೆರೆಯಲ್ಲಿ ಕೈಜಾರಿತ್ತು. ಅಣ್ಣನ ಮನೆಗೆ ಸಾಗಿಸಿದ್ದಾಳೆಂದು ಅತ್ತೆಯ ತೀರ್ಪು. ಮೂವತ್ತು ವರ್ಷ ಕಳೆದು, ಕಣ್ಣು ಹೋದರೂ ಮುದುಕಿ ತೀರ್ಪು ಬದಲಿಸಿರಲಿಲ್ಲ.

ಒಂದು ಬೇಸಿಗೆ ಗೌಸನ ಗಾಳ ಎಲ್ಲೋ ಸಿಕ್ಕಿಕೊಂಡಿತು. ಮಂಡಿಯುದ್ದ ಕೆಸರಿಗಿಳಿದು ಎಳೆದೆವು. ಬಂದದ್ದು ಬಾಯಿತನಕ ಮಣ್ಣು ತುಂಬಿದ ಪಾತ್ರೆ.

"ಪಾಳೇಗಾರರದು ಕಣೋ! ಒಳಗೆ ಚಿನ್ನ!" ಎಂದ ಗೌಸ್.

ನಂಬಿ, ಆ ಗಳಿಗೆಯಲ್ಲಿ ಮುನಿಯಮ್ಮ ಇಬ್ಬರಿಗೂ ನೆನಪಾಗಲಿಲ್ಲ. ನಿಧಿಗೆ ಸರ್ಪಗಾವಲಿರುತ್ತದಲ್ಲ, ಒಳಗೆ ಕೈಹಾಕುವ ಗೌರವವನ್ನು ಅವನಿಗೇ ಬಿಟ್ಟು ನಾನು ಹೊರಗಿನ ಪಾಚಿ ಉಜ್ಜಿದೆ. ಅಕ್ಷರಗಳು ಕಂಡವು.

"ಏನ್ ಬರ್ದಿದೆ?" ಗೌಸನಿಗೆ ಉರ್ದು ಬಿಟ್ಟರೆ ಬೇರೆ ಓದಲು ಬಾರದು.

"ಏನಿಲ್ಲ, ಗೀರು."

ಅವನು ಕೆದಕುವುದು ನಿಲ್ಲಿಸಿ ಬೀಡಿ ಹಚ್ಚಿದ. ಅದು ಮುಗಿಯುವ ತನಕ ನನ್ನನ್ನೇ ನೋಡಿದ. ಕೊನೆಗೆ, "ಮುನಿಯಮ್ಮ ಅಂತಿದೆ" ಎಂದೆ.

"ಗೊತ್ತು. ಕನ್ನಡ ಓದಕ್ಕೆ ಬರಲ್ಲ ಕಣೋ, ನಿನ್ ಮುಖ ಓದಕ್ಕೆ ಬರ್ತದೆ. ನಡಿ."

ಮುನಿಯಮ್ಮನ ಮನೆಗೆ ಹೋಗುವ ದಾರಿಯಲ್ಲಿ ತಳದವರೆಗೂ ಕೆದಕಿದೆವೆನ್ನಿ. ಒಂದು ಏಡಿ ಸಿಕ್ಕಿತು.

ಅತ್ತೆ ಮುದುಕಿ ಬಿಂದಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಇಷ್ಟೇನಾ? ಇನ್ನೂ ಗಟ್ಟಿ ಇತ್ತು ಅಂದ್ಕಂಡಿದ್ದೆ" ಎಂದಳು. ಆಮೇಲೆ ಸೊಸೆಗೆ ಮೆಲ್ಲಗೆ, "ಹೋಗಮ್ಮ, ಇದ್ರಲ್ಲಿ ಒಂದ್ ಬಿಂದಿಗೆ ನೀರ್ ತಾ."

ಮುನಿಯಮ್ಮ ಅದನ್ನು ಸೊಂಟಕ್ಕಿಟ್ಟುಕೊಂಡಳು. ಹೋಗಲೂ ಇಲ್ಲ, ಇಳಿಸಲೂ ಇಲ್ಲ, ಹೊಸ್ತಿಲಲ್ಲೇ ನಿಂತಿದ್ದಳು.

ಗೌಸ್ ತೀರಿಕೊಂಡು ಬಹಳ ವರ್ಷಗಳಾದವು. ಆಮೇಲೆ ನಾನು ಹೇಳಿದ ಸಣ್ಣಪುಟ್ಟ ಸುಳ್ಳುಗಳನ್ನೆಲ್ಲ ಲೋಕ ಮರ್ಯಾದೆಯಿಂದ ನಂಬಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಪರಿಚಿತರೊಬ್ಬರು, "ಚೆನ್ನಾಗಿದ್ದೀರಾ ಸಾರ್?" ಎಂದರು. "ಚೆನ್ನಾಗಿದ್ದೀನಿ" ಎಂದೆ. ಅವರು ನಂಬಿ ಹೊರಟುಹೋದರು.